ಗಾಳಿ, ನೀರು ಮತ್ತು ಮೂರಡಿ ಎತ್ತರ

ಆರೋ ಏಳೋ ತಿಂಗಳ ಕೂಸು. ಆಡಿಕೊಂಡಿದ್ದದ್ದು ಇದ್ದಕ್ಕಿದ್ದಂತೆ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಕಿರುಚುತ್ತದೆ. ಸ್ವಲ್ಪ ಹೊತ್ತಿಗೆ ಸುಮ್ಮನಾಗಿ, ಸೋತು ಮಲಗುತ್ತದೆ. ಕಾಲು ಗಂಟೆ ಬಿಟ್ಟು ಮತ್ತೆ ಅದೇ ಕಿರುಚಾಟ. ಮನೆಯವರು ದೃಷ್ಟಿ ತೆಗೆಯುತ್ತಾರೆ, ಬಜೆ ತೇಯ್ದು ನೆಕ್ಕಿಸುತ್ತಾರೆ, ಗ್ರೈಪ್ ವಾಟರ್ ಕುಡಿಸುತ್ತಾರೆ. ನಡುನಡುವೆ ಮಗು ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಗಾಬರಿಯಿಲ್ಲ. ಆಮೇಲೆ ವಾಂತಿ ಹಸಿರಾಗುತ್ತದೆ, ಬಟ್ಟೆಯಲ್ಲಿ ರಕ್ತ ಬೆರೆತ ಲೋಳೆ ಕಾಣುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳು ಇದನ್ನು ರೆಡ್ ಕರಂಟ್ ಜೆಲ್ಲಿಗೆ ಹೋಲಿಸುತ್ತವೆ. ಆ ಹಣ್ಣನ್ನು ಕಂಡೇ ಇರದ ನಮ್ಮ ವೈದ್ಯ ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ನೆನೆಸಿದ ಪುನರ್ಪುಳಿಗೆ ಲೋಳೆ ಸೇರಿದ ಹಾಗೆ ಎಂದು ಬರೆದಿದ್ದರೆ ಕರಾವಳಿಯವರಿಗಾದರೂ ತಟ್ಟನೆ ಹೊಳೆಯುತ್ತಿತ್ತು.

ರೋಗದ ಹೆಸರು ಇಂಟಸಸೆಪ್ಷನ್. ಒಗೆದ ಅಂಗಿಯ ತೋಳು ತನ್ನೊಳಗೇ ಸೇರಿಕೊಳ್ಳುವಂತೆ ಸಣ್ಣ ಕರುಳಿನ ತುದಿ ದೊಡ್ಡ ಕರುಳಿನೊಳಗೆ ನುಗ್ಗುತ್ತದೆ. ಶೀತವೋ ಭೇದಿಯೋ ಆದ ಮೇಲೆ ಕರುಳಿನ ಗೋಡೆಯ ದುಗ್ಧಗ್ರಂಥಿಗಳು ಊದಿಕೊಂಡು, ಕರುಳು ಆ ಉಬ್ಬನ್ನೇ ಆಹಾರವೆಂದು ತಳ್ಳುವುದು ಇದರ ಸಾಮಾನ್ಯ ಕಾರಣ. ಒಳಹೊಕ್ಕ ಭಾಗದ ರಕ್ತನಾಳಗಳು ಹಿಸುಕಿಹೋಗುತ್ತವೆ. ತಡವಾದರೆ ಕರುಳು ಕೊಳೆಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಕರುಳು ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮುಂದಿನಿಂದ ನುಗ್ಗಿದ್ದನ್ನು ಹಿಂದಿನಿಂದ ತಳ್ಳಬೇಕು ಎಂಬ ಯೋಚನೆ ಬಹಳ ಹಳೆಯದು. ಹಿಪೊಕ್ರಟೀಸನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳಲ್ಲೇ ಕರುಳು ಕಟ್ಟಿದವನಿಗೆ ಕಮ್ಮಾರನ ತಿದಿಯಿಂದ ಗಾಳಿ ಊದುವ ಸಲಹೆಯಿದೆ. 1674ರಲ್ಲಿ ಆಮ್‌ಸ್ಟರ್‌ಡಾಮಿನ ಪಾಲ್ ಬಾರ್ಬೆಟ್ ಈ ಕಾಯಿಲೆಯನ್ನು ವರ್ಣಿಸಿದ, 1793ರಲ್ಲಿ ಲಂಡನ್ನಿನ ಜಾನ್ ಹಂಟರನ ಪ್ರಬಂಧ ಬಂತು. ಆದರೆ ತಿದಿ ಹಿಡಿದವನಿಗೆ ಎರಡು ಸಂಗತಿ ತಿಳಿಯುತ್ತಿರಲಿಲ್ಲ: ಒಳಗೆ ಏನಾಗುತ್ತಿದೆ, ಎಷ್ಟು ಒತ್ತಿದರೆ ಕರುಳು ಹರಿದೀತು. ಆಮೇಲಿನ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ನಡೆದದ್ದೇ.

1871ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್‌ಸನ್ ಎರಡು ವರ್ಷದ ಹೆಣ್ಣುಮಗುವಿನ ಹೊಟ್ಟೆ ಕೊಯ್ದು ಕರುಳನ್ನು ಬಿಡಿಸಿ ಉಳಿಸಿದ. ಆದರೆ ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯಾದ ಕೂಸುಗಳಲ್ಲಿ ಸಾಯುವವೇ ಹೆಚ್ಚು. ಹಾಗಾಗಿ ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಶ್‌ಸ್ಪ್ರಂಗ್ ನೀರನ್ನು ನಂಬಿದ. 1876ರಲ್ಲಿ ಅವನು ನೀರಿನ ಒತ್ತಡದ ವಿಧಾನವನ್ನು ಪ್ರಕಟಿಸಿದ. 1905ರಲ್ಲಿ 107 ಮಕ್ಕಳ ಲೆಕ್ಕ ಕೊಟ್ಟ, ಸತ್ತವರು ಶೇ 35. ಇಂದಿನ ಕಣ್ಣಿಗೆ ಭಯಂಕರ ಅಂಕಿ. ಆದರೂ ಮಗುವಿನ ಹೊಟ್ಟೆ ಸವರಿ, ಒಳಗಿನ ಗಂಟು ಕರಗಿತೇ ಎಂದು ಬೆರಳಿನಲ್ಲಿ ಊಹಿಸುತ್ತ ಮಾಡಿದ ಕೆಲಸಕ್ಕೆ ಅದು ದೊಡ್ಡ ಗೆಲುವೇ.

ಎಕ್ಸ್‌ರೇ ಬಂದ ಮೇಲೆ ಕಣ್ಣು ಸಿಕ್ಕಿತು. 1927ರ ಒಂದೇ ವರ್ಷದಲ್ಲಿ ಸ್ವೀಡನ್, ಅಮೆರಿಕ, ಫ್ರಾನ್ಸ್ ಮೂರೂ ಕಡೆಯಿಂದ ಬೇರಿಯಂ ದ್ರವವನ್ನು ಮಲದ್ವಾರದಿಂದ ಹಾಯಿಸಿ, ಕರುಳು ಹಿಂದೆ ಸರಿಯುವುದನ್ನು ಪರದೆಯ ಮೇಲೆ ನೋಡುತ್ತ ಬಿಡಿಸಿದ ವರದಿಗಳು ಬಂದವು. ಅಮೆರಿಕದ ಶಸ್ತ್ರವೈದ್ಯರು ಮಾತ್ರ ಬಹುಕಾಲ ಜಗ್ಗಲಿಲ್ಲ. ಕೊಳೆತ ಕರುಳನ್ನು ಕಾಣದೆ ಒಳಗೆ ತಳ್ಳಿಬಿಟ್ಟರೆ ಗತಿಯೇನು ಎಂಬುದು ಅವರ ವಾದ, ಹಟವೆಂದು ತಳ್ಳಿಹಾಕುವಂಥದ್ದಲ್ಲ.

ಉತ್ತರ ಕೊಟ್ಟವರೂ ಒಬ್ಬ ಶಸ್ತ್ರವೈದ್ಯರೇ. ಜಾನ್ಸ್ ಹಾಪ್‌ಕಿನ್ಸ್‌ನ ಮಾರ್ಕ್ ರ‍್ಯಾವಿಚ್ 1948ರಲ್ಲಿ ಸಹೋದ್ಯೋಗಿ ಮೆಕ್ಯೂನ್ ಜೊತೆ ನಾಯಿಗಳ ಮೇಲಿನ ಪ್ರಯೋಗಗಳನ್ನೂ ಮಕ್ಕಳ ಅನುಭವವನ್ನೂ ಸೇರಿಸಿ ಬರೆದರು. ಬೇರಿಯಂ ಪಾತ್ರೆಯನ್ನು ಸುಮಾರು ಮೂರಡಿಗಿಂತ ಮೇಲಕ್ಕೆ ಏರಿಸದಿದ್ದರೆ ಕೊಳೆತ ಕರುಳು ಹಿಂದೆ ಸರಿಯುವುದೇ ಇಲ್ಲ. ಸರಿಯದಿದ್ದರೆ ಆಪರೇಷನ್ ಹೇಗೂ ಇದೆ. ಒತ್ತಡ ಅಳೆಯಲು ಯಂತ್ರ ಬೇಡ, ಸ್ಟ್ಯಾಂಡಿನ ಎತ್ತರ ಸಾಕು. ಮುಂದೆ ಇದು ಮೂರಡಿ ಎತ್ತರ, ಮೂರು ಪ್ರಯತ್ನ, ಪ್ರತಿಯೊಂದಕ್ಕೆ ಮೂರು ನಿಮಿಷ ಎಂಬ ಸೂತ್ರವಾಗಿ ವಾರ್ಡುಗಳಲ್ಲಿ ನಿಂತಿತು. ಈ ಕ್ಷೇತ್ರದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಮಕ್ಕಳನ್ನು ಉಳಿಸಿದ ಮಾತು ಇನ್ನೊಂದಿಲ್ಲ ಎನಿಸುತ್ತದೆ.

ಬೇರಿಯಂಗೂ ಒಂದು ಕೆಡುಕಿತ್ತು. ಕರುಳು ತೂತಾದರೆ ಅದು ಹೊಟ್ಟೆಯೊಳಗೆ ಚೆಲ್ಲಿ ತೀವ್ರ ಉರಿಯೂತ ತರುತ್ತದೆ. ಗಾಳಿ ಮರಳಿ ಬಂದದ್ದು ಇಲ್ಲಿ. 1959ರಲ್ಲಿ ಅರ್ಜೆಂಟೀನಾದಿಂದ ಅಳತೆಯ ಗಾಳಿಯೊತ್ತಡದ ವರದಿ ಬಂತು. ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಚೀನಾ. 1986ರಲ್ಲಿ ಶಾಂಘೈನ ವೈದ್ಯರು 13 ವರ್ಷಗಳ 6,396 ಪ್ರಕರಣಗಳನ್ನು ಮುಂದಿಟ್ಟರು. ಸುಮಾರು ಶೇ 95ರಲ್ಲಿ ಕರುಳು ಗಾಳಿಯಿಂದಲೇ ಬಿಟ್ಟಿತ್ತು. ಪಶ್ಚಿಮದ ಆಸ್ಪತ್ರೆಗಳು ಆಮೇಲೆ ಕಣ್ಣು ತೆರೆದವು. ಟೊರಾಂಟೊದವರು ಕೆಲವೇ ವರ್ಷಗಳಲ್ಲಿ ತಮ್ಮ ಅನುಭವ ಬರೆದರು. ಈಗ 80 ಮಿಲಿಮೀಟರ್ ಪಾದರಸದಿಂದ ಶುರುಮಾಡಿ 120ರ ಗಡಿ ದಾಟದಂತೆ ಊದುವುದು ರೂಢಿ. ತೂತಾದರೆ ಗಾಳಿ ಹೊಟ್ಟೆ ತುಂಬಿ ಉಸಿರನ್ನೇ ತಡೆದೀತು, ಅದಕ್ಕೇ ದಪ್ಪ ಸೂಜಿಯೊಂದು ಪಕ್ಕದಲ್ಲಿರಬೇಕು.

ನಮ್ಮಂಥ ಕಡೆಗೆ ಹೆಚ್ಚು ಒಗ್ಗಿದ್ದು ಅದರ ನಂತರದ ಹೆಜ್ಜೆ. 1988ರಲ್ಲಿ ಚೀನಾದಿಂದಲೇ 377 ಮಕ್ಕಳ ಇನ್ನೊಂದು ವರದಿ ಬಂತು. ಅದರಲ್ಲಿ ಬೇರಿಯಂ ಇಲ್ಲ, ವಿಕಿರಣವೂ ಇಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡುತ್ತ ಉಪ್ಪುನೀರನ್ನು ಹಾಯಿಸುವುದು. ಒಂದು ರಬ್ಬರ್ ನಳಿಕೆ, ಡ್ರಿಪ್ ಸ್ಟ್ಯಾಂಡಿಗೆ ತೂಗುಹಾಕಿದ ಸಲೈನ್, ಒಂದು ಸ್ಕ್ಯಾನ್ ಯಂತ್ರ. ಅಡ್ಡಲಾಗಿ ನೋಡಿದರೆ ಬಳೆಯೊಳಗೆ ಬಳೆಯಂತೆ ಕಾಣುವ ಕರುಳಿನ ಸುತ್ತು ಮೆಲ್ಲಗೆ ಹಿಂದೆ ಸರಿದು, ಕವಾಟದಾಚೆ ಸಣ್ಣ ಕರುಳಿಗೆ ನೀರು ನುಗ್ಗಿದರೆ ಬಿಟ್ಟಿತು ಎಂದರ್ಥ. ಮೊದಲ ಸಲ ಬಿಡದಿದ್ದರೆ, ಮಗು ಗಟ್ಟಿಯಾಗಿದ್ದರೆ, ಅರ್ಧ ಗಂಟೆಯೋ ಒಂದೆರಡು ಗಂಟೆಯೋ ಕಾದು ಮತ್ತೆ ಪ್ರಯತ್ನಿಸುವುದೂ ಈಗ ಒಪ್ಪಿತವಾಗಿದೆ. ಇದೆಲ್ಲಕ್ಕೂ ಮುನ್ನ ಡ್ರಿಪ್ ಹಾಕಿ ಮಗುವನ್ನು ಚೇತರಿಸಬೇಕು, ಶಸ್ತ್ರವೈದ್ಯರು ಕೈಗೆಟುಕುವಂತಿರಬೇಕು. ಹೊಟ್ಟೆ ಕಲ್ಲಾಗಿದ್ದರೆ, ಕರುಳು ತೂತಾಗಿದ್ದರೆ, ಮಗು ಶಾಕ್‌ನಲ್ಲಿದ್ದರೆ ನಳಿಕೆ ಮುಟ್ಟುವಂತಿಲ್ಲ.

ಎನಿಮಾ ಚಿಕಿತ್ಸೆಯ ಇನ್ನೊಂದು ಕವಲು ನವಜಾತ ಶಿಶುಗಳದ್ದು. ಸಿಸ್ಟಿಕ್ ಫೈಬ್ರೋಸಿಸ್ ಇರುವ ಕೂಸುಗಳಲ್ಲಿ ಮೊದಲ ಮಲವೇ ಅಂಟಿನಂತಾಗಿ ಕರುಳು ಕಟ್ಟುತ್ತದೆ. 1969ರಲ್ಲಿ ಹೆಲೆನ್ ನೊಬ್ಲೆಟ್ ಗ್ಯಾಸ್ಟ್ರೊಗ್ರಾಫಿನ್ ಎನಿಮಾ ಕೊಟ್ಟು ಅದನ್ನು ಇಳಿಸಿದರು. ದೇಹದ ನೀರನ್ನು ಕರುಳಿನೊಳಗೆ ಸೆಳೆದು ಅಂಟನ್ನು ಸಡಿಲಿಸುವ ದ್ರವ ಅದು. ಸೆಳೆದಷ್ಟು ನೀರನ್ನು ರಕ್ತನಾಳದಿಂದ ತುಂಬಿಕೊಡಬೇಕು.

ಇಂಟಸಸೆಪ್ಷನ್ ಸುದ್ದಿಯಾದದ್ದು ಲಸಿಕೆಯಿಂದ. 1998ರಲ್ಲಿ ಅಮೆರಿಕದಲ್ಲಿ ಬಂದ ರೋಟಾವೈರಸ್ ಲಸಿಕೆ ರೋಟಾಶೀಲ್ಡ್, ಈ ಕಾಯಿಲೆಯನ್ನು ಹೆಚ್ಚಿಸುತ್ತದೆಂದು 1999ರಲ್ಲೇ ಮಾರುಕಟ್ಟೆಯಿಂದ ಹೋಯಿತು. ಭಾರತ 2016ರಿಂದ ಬೇರೆ ರೋಟಾವೈರಸ್ ಲಸಿಕೆ ಹಾಕಲಾರಂಭಿಸಿದಾಗ 27 ಆಸ್ಪತ್ರೆಗಳಲ್ಲಿ ಕಣ್ಣಿಟ್ಟು ಎಣಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಂಥ ಅಪಾಯ ಕಂಡಿರಲಿಲ್ಲ.

ಬಿಡಿಸಿದ ಕರುಳು ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ. ಆಗಲೂ ನೀರು ಅಥವಾ ಗಾಳಿಯೇ ಮೊದಲ ಮದ್ದು. ಅದಕ್ಕೇ ಡಿಸ್ಚಾರ್ಜ್ ಚೀಟಿ ಕೊಡುವಾಗ ತಾಯಿಗೆ ಹೇಳಿ ಕಳಿಸುತ್ತಾರೆ: ಅದೇ ಅಳು ಕೇಳಿದರೆ ಬೆಳಗಾಗುವವರೆಗೆ ಕಾಯಬೇಡಮ್ಮ, ರಾತ್ರಿಯೇ ಕರೆದುಕೊಂಡು ಬಾ.