ದವಡೆ ಹಲ್ಲಿನ ಕಳ್ಳ ನಾಳಗಳು

ಹಲ್ಲಿನ ತಿರುಳು ಕೆಟ್ಟಾಗ ಅದನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆದು ಮುಚ್ಚುವುದೇ ರೂಟ್ ಕೆನಾಲ್ ಚಿಕಿತ್ಸೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಮೂರು ನಾಳ ಎಂಬ ಲೆಕ್ಕ ಬಹುಕಾಲ ನಡೆದುಬಂತು. ಹಲ್ಲುಗಳು ಆ ಲೆಕ್ಕಕ್ಕೆ ಸಿಕ್ಕಿದ್ದು ಕಡಿಮೆ.

ಜ್ಯೂರಿಕ್‌ನ ವಾಲ್ಟರ್ ಹೆಸ್ ಕಿತ್ತ ಹಲ್ಲುಗಳೊಳಗೆ ರಬ್ಬರ್ ತುಂಬಿಸಿ, ಗಟ್ಟಿಯಾದ ಮೇಲೆ ಹಲ್ಲನ್ನೇ ಆಮ್ಲದಲ್ಲಿ ಕರಗಿಸಿಬಿಟ್ಟ. ಉಳಿದದ್ದು ನಾಳಗಳ ರಬ್ಬರ್ ಅಚ್ಚು: ಕವಲು, ಅಡ್ಡಸೇತುವೆ, ಅಲ್ಲಲ್ಲಿ ಬಲೆ. 1917ರಲ್ಲಿ ಪ್ರಕಟವಾದ ಈ ಕೆಲಸ 1925ರಲ್ಲಿ ಇಂಗ್ಲಿಷಿಗೆ ಬಂದರೂ ವೈದ್ಯರ ಕೈ ಹಳೆಯ ದಾರಿಯನ್ನೇ ಹಿಡಿದಿತ್ತು. 1969ರಲ್ಲಿ ಅಮೆರಿಕದ ಫ್ರಾಂಕ್ಲಿನ್ ವೈನ್ ಮತ್ತು ಸಂಗಡಿಗರು ಇದೇ ಮೇಲಿನ ಮೊದಲ ದವಡೆ ಹಲ್ಲುಗಳನ್ನು, ಒಟ್ಟು 208, ಪರೀಕ್ಷಿಸಿದರು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಎರಡನೆಯ ನಾಳ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿತ್ತು. ಚಿಕಿತ್ಸೆಯಾದ ಮೇಲೂ ಆ ಹಲ್ಲು ಯಾಕೆ ಮತ್ತೆ ಮತ್ತೆ ನೋಯುತ್ತಿತ್ತು ಎಂಬುದಕ್ಕೆ ಒಂದು ಕಾರಣ ಸಿಕ್ಕಿತು. 1984ರಲ್ಲಿ ದಂತವೈದ್ಯ ವರ್ಟುಚ್ಚಿ 2,400 ಹಲ್ಲುಗಳಿಗೆ ಬಣ್ಣ ಹಾಯಿಸಿ ನಾಳಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ.

ಕೆಳಗಿನ ಎರಡನೆಯ ದವಡೆ ಹಲ್ಲಿನದು ಬೇರೆಯೇ ಕಥೆ. ಅಲ್ಲಿ ನಾಳಗಳು ಬೆಸೆದುಕೊಂಡು ಸಿ ಅಕ್ಷರದಂಥ ಸೀಳಾಗುವುದುಂಟು. 1979ರಲ್ಲಿ ಕುಕ್ ಮತ್ತು ಕಾಕ್ಸ್ ಇದನ್ನು ವರದಿ ಮಾಡಿದರು. ಚೀನಾ, ಕೊರಿಯಾದವರಲ್ಲಿ ಇದು ಹೆಚ್ಚು. ಭಾರತೀಯರ 345 ಹಲ್ಲುಗಳನ್ನು ನೋಡಿದ 2010ರ ಅಧ್ಯಯನದಲ್ಲಿ ಪ್ರಮಾಣ ನೂರಕ್ಕೆ 7.5. ನಾಳವನ್ನು ಉಜ್ಜುವ ದುಂಡನೆಯ ಫೈಲ್ ಈ ಸೀಳಿನ ಮೂಲೆ ಮುಟ್ಟದು. ಅಲ್ಲಿ ಕೆಲಸ ಮಾಡುವುದು ತೊಳೆಯುವ ದ್ರಾವಣವೇ.

 

ದಕ್ಷಿಣ ಕನ್ನಡದ ಕೊಕ್ಕಡದಂಥ ಅಡಿಕೆ ಸೀಮೆಯವರ ಬಾಯಿಗೆ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಎಲೆಯಡಿಕೆ ಜಗಿದು ಸವೆದ ಹಲ್ಲು ತನ್ನನ್ನು ಕಾಯಲು ಒಳಗಿನಿಂದ ಹೊಸ ದಂತದ್ರವ್ಯ ಕಟ್ಟಿಕೊಳ್ಳುತ್ತದೆ. ಮೊದಲೇ ವಕ್ರವಾಗಿದ್ದ ನಾಳ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ತುದಿಯಲ್ಲಿ 0.10 ಮಿಲಿಮೀಟರ್ ದಪ್ಪವಿರುವ 10ನೇ ನಂಬರಿನ ಫೈಲೂ ಅಲ್ಲಿ ತಡೆದು ನಿಲ್ಲುತ್ತದೆ.

1981ರ ಸುಮಾರಿಗೆ ದಂತವೈದ್ಯಕ್ಕೆ ಬಂದ ಸೂಕ್ಷ್ಮದರ್ಶಕ, 1998ರಲ್ಲಿ ಇಟಲಿಯಿಂದ ವರದಿಯಾದ ಕೋನ್‌ಬೀಮ್ ಸ್ಕ್ಯಾನ್ ಇಂಥ ನಾಳಗಳ ಹುಡುಕಾಟವನ್ನು ಹಗುರ ಮಾಡಿದವು. ಅಂಥ ಸ್ಕ್ಯಾನಿನ ನೆರವಿನಿಂದ ಚೆನ್ನೈಯ ವೈದ್ಯರು ಒಂದೇ ಮೇಲ್ದವಡೆ ಹಲ್ಲಿನಲ್ಲಿ ಎಂಟು ನಾಳಗಳಿಗೆ ಚಿಕಿತ್ಸೆ ಮಾಡಿದ್ದು 2011ರಲ್ಲಿ ವರದಿಯಾಯಿತು. ಯಂತ್ರವಿಲ್ಲದ ಕಡೆ ಹಳೆಯ ಉಪಾಯವಿದೆ: ತಿರುಳಿನ ಕೋಣೆಯ ತಳದ ಕಪ್ಪು ಗೆರೆಯುದ್ದಕ್ಕೂ ತೊಳೆಯುವ ದ್ರಾವಣವಾದ ಹೈಪೋಕ್ಲೋರೈಟ್ ಬಿಟ್ಟು ಕಾಯುವುದು. ಯಾವ ಚುಕ್ಕೆಯಿಂದ ಸಣ್ಣ ಗುಳ್ಳೆಗಳು ಏಳುತ್ತವೋ ಅದರ ಕೆಳಗೆ ತಿರುಳಿನ್ನೂ ಉಳಿದಿರುತ್ತದೆ.