ಪದ ಪರಿಚಯ: ಸುಲ್ತಾನ

ಸುಲ್ತಾನ

ಅರಬ್ಬಿ ಮೂಲದ ಈ ಪದ ಮೊದಲಿಗೆ ಅರಸನನ್ನಲ್ಲ, ಅಧಿಕಾರವೆಂಬ ಭಾವವನ್ನು ಸೂಚಿಸುತ್ತಿತ್ತು; ಕುರಾನಿನಲ್ಲಿ ಅದಕ್ಕೆ ಪ್ರಮಾಣ, ಅಧಿಕಾರ ಎಂಬ ಅರ್ಥಗಳಿದ್ದು, ಆಳುವವನ ಬಿರುದಾಗಿ ಅದು ಗಟ್ಟಿಯಾಗಿ ನೆಲೆಗೊಂಡದ್ದು 11ನೆಯ ಶತಮಾನದ ಸೆಲ್ಜುಕರ ಕಾಲದಲ್ಲಿ.

ಕನ್ನಡದ ನಾಲಿಗೆ ಅದನ್ನು ಸುರತಾಳ, ಸುರಿತಾಳ ಎಂದು ಒಗ್ಗಿಸಿಕೊಂಡರೆ, ಶಾಸನಕವಿಗಳು ‘ಸುರತ್ರಾಣ’ವೆಂದು ತಿದ್ದಿ, ದೇವತೆಗಳನ್ನು ಕಾಪಾಡುವವನೆಂಬ ಸಂಸ್ಕೃತದ ಅರ್ಥವನ್ನೂ ತೊಡಿಸಿದರು. ವಿಜಯನಗರದ ಅರಸರು 14ನೆಯ ಶತಮಾನದಲ್ಲೇ ‘ಹಿಂದೂರಾಯ ಸುರತ್ರಾಣ’ರೆನಿಸಿಕೊಂಡರು. ಈ ಬಿರುದನ್ನು ಇಸ್ಲಾಮಿನ ವಿರುದ್ಧದ ಘೋಷಣೆಯೆಂದು ಓದುವ ರೂಢಿಯನ್ನು ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ಲೇಖನವೊಂದರಲ್ಲಿ ಪ್ರಶ್ನಿಸಿ, ಅದರ ಅರ್ಥ ‘ಹಿಂದೂ ಅರಸರ ನಡುವಿನ ಸುಲ್ತಾನ’ ಎಂದೇ ವಾದಿಸಿದರು. ಆಸ್ಥಾನದವರು ತೊಟ್ಟ ಕಬಾಯಿ, ಅಂದರೆ ನಿಲುವಂಗಿ, ಮತ್ತು ಕುಲಾವಿ, ಅಂದರೆ ಎತ್ತರದ ಟೋಪಿ, ಅವರ ಸಾಕ್ಷ್ಯಗಳು. ಧರ್ಮ ಬದಲಾಗದೆಯೂ ರಾಜಕೀಯದ ನುಡಿ ಉಡುಪುಗಳು ಬದಲಾಗಬಲ್ಲವು ಎಂಬ ಈ ನೋಟ ಹೆಚ್ಚು ಒಪ್ಪುವಂಥದ್ದು. (ಕುಲಾವಿ ಈಗ ಕೂಸುಗಳ ತಲೆಗೆ ಇಳಿದಿದೆ.)

ಬ್ರಿಟಿಷರ ಬರಹಗಳಲ್ಲಿ ಈ ಪದ ಬೇರೊಂದು ಬಣ್ಣ ಪಡೆಯಿತು. ಪೂರ್ವದೇಶಗಳನ್ನು ಕುರಿತ ಪಾಶ್ಚಾತ್ಯ ವಿದ್ವತ್ತು ಆಳ್ವಿಕೆಯ ಸಾಧನವೂ ಆಗಿತ್ತೆಂದು ಸಾಹಿತ್ಯ ವಿಮರ್ಶಕ ಎಡ್ವರ್ಡ್ ಸೈದ್ 1978ರಲ್ಲಿ ವಾದಿಸಿದ ಬಳಿಕ, ಮೈಸೂರನ್ನು ಆಳಿದ ಟಿಪ್ಪು ಸುಲ್ತಾನನನ್ನು ಕುರಿತ ಈಸ್ಟ್ ಇಂಡಿಯಾ ಕಂಪನಿಯವರ ಬರಹಗಳಲ್ಲಿ ‘ಸುಲ್ತಾನ’ ಪದಕ್ಕೆ ಅಂಟಿದ ನಿರಂಕುಶನೆಂಬ ಛಾಯೆಯನ್ನೂ ಎಚ್ಚರದಿಂದ ಓದಬೇಕಾಯಿತು.

ಈ ಪದ ಊರಿನ ಹೆಸರಲ್ಲೂ ಉಳಿದಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ವಯನಾಡಿಗೆ ಹೋಗುವ ಬಸ್ಸುಗಳ ಫಲಕದ ‘ಸುಲ್ತಾನ್ ಬತ್ತೇರಿ’ಯ ಹಳೆಯ ಹೆಸರು ಗಣಪತಿವಟ್ಟಂ; ಅಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಕೋಠಿಯಾಗಿ ಬಳಸಿದ್ದರಿಂದ, ಅರಬ್ಬಿಯ ಸುಲ್ತಾನನಿಗೆ ಯುರೋಪಿನ ಫಿರಂಗಿ ನೆಲೆಯ ‘ಬ್ಯಾಟರಿ’ ಎಂಬ ಹೆಸರು ಜೊತೆಗೂಡಿತು.