ಕೇಳಿ ಬಡಿಯುವ ಹೊತ್ತು

ಆಟ ನೋಡಿ ಬಂದವರನ್ನು ಮರುದಿನ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಪ್ರಸಂಗ ಯಾವುದು? ಭಾಗವತರು ಯಾರು? ಬಣ್ಣದ ವೇಷ ಹೇಗಿತ್ತು? ಪ್ರಸಂಗ ಆರಂಭವಾಗುವ ಮೊದಲು ಚೆಂಡೆ ಮದ್ದಳೆಯವರು ಏನು ನುಡಿಸಿದರು ಎಂದು ಯಾರೂ ಕೇಳುವುದಿಲ್ಲ. ಅದು ಲೆಕ್ಕಕ್ಕೆ ಸೇರದ ಹೊತ್ತು, ಕಡಲೆಕಾಯಿ ಕೊಳ್ಳುವ ಹೊತ್ತು, ಚಾಪೆ ಹಾಸಿ ಜಾಗ ಹಿಡಿಯುವ ಹೊತ್ತು. ಆದರೆ ನಮ್ಮ ನಾಡಿನ ಕಲಾವಿದರು ಈ ಲೆಕ್ಕಕ್ಕಿಲ್ಲದ ಹೊತ್ತನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದ್ದರು. ಆ ಹೊತ್ತಿನ ಚರಿತ್ರೆಯನ್ನು ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶ.

ಯಾವುದೇ ಮೇಳವಾದ್ಯಕ್ಕೂ ಮೊದಲು ಒಂದು ಸಿದ್ಧತೆ ಬೇಕು. ಚರ್ಮದ ವಾದ್ಯ ಹವೆಯೊಂದಿಗೆ ಬದಲಾಗುತ್ತದೆ. ಮಂಜು ಬಿದ್ದರೆ ಮುಚ್ಚಿಗೆ ಸಡಿಲುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಹಗ್ಗ ಎಳೆದು ಬಿಗಿ ಮಾಡಬೇಕು. ಭಾಗವತರ ಶ್ರುತಿಗೆ ಮದ್ದಳೆ ಕೂಡಬೇಕು, ಚೆಂಡೆ ಕೂಡಬೇಕು. ಆ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಬಂದಿದೆ. ಬಯಲಾದರೆ ಧ್ವನಿ ಎಷ್ಟು ದೂರ ಹೋಗುತ್ತದೆಂದು ನೋಡಬೇಕು. ಬ್ಯಾಂಕಿನ ಬಾಗಿಲು ತೆರೆಯುವ ಮೊದಲು ಒಳಗೆ ಹಿಂದಿನ ದಿನದ ನಗದು ತಾಳೆ ನೋಡುವ ಹಾಗೆ ಇದು. ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಅದಿಲ್ಲದೆ ದಿನ ಸಾಗುವುದಿಲ್ಲ.

ಇದನ್ನು ಮೊದಲು ಬರಹಕ್ಕಿಳಿಸಿದವನು ಭರತಮುನಿ. ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. 200ರ ನಡುವೆ ರೂಪುಗೊಂಡಿತೆನ್ನಲಾದ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೇ ಮೀಸಲು. ಅದರ ಮೊದಲ ಒಂಬತ್ತು ಅಂಗಗಳು ತೆರೆಯ ಒಳಗೆ ನಡೆಯುವಂಥವು. ವಾದ್ಯಗಳನ್ನು ಅವುಗಳ ಜಾಗದಲ್ಲಿ ಇಡುವುದು ಪ್ರತ್ಯಾಹಾರ. ಗಾಯಕರು ಬಂದು ಕುಳಿತುಕೊಳ್ಳುವುದು ಅವತರಣ. ಗಂಟಲು ಹದಮಾಡಿ ಹಾಡಲು ತೊಡಗುವುದು ಆರಂಭ. ವಾದ್ಯಗಳನ್ನು ಸರಿಹೊಂದಿಸುವುದು ಆಶ್ರಾವಣಾ. ನುಡಿಸಾಣಿಕೆಯ ಬೇರೆ ಬೇರೆ ಬಗೆಗಳನ್ನು ನುಡಿಸಿ ನೋಡುವುದು ವಕ್ತ್ರಪಾಣಿ. ತಂತಿಗಳನ್ನು ಬಿಗಿದು ಸರಿಮಾಡುವುದು ಪರಿಘಟ್ಟನಾ. ತಾಳದ ಕೈಗಳನ್ನು ಅಭ್ಯಾಸ ಮಾಡುವುದು ಸಂಘೋಟನಾ. ತಂತಿವಾದ್ಯ ಮತ್ತು ಚರ್ಮವಾದ್ಯಗಳನ್ನು ಜೊತೆಗೂಡಿಸಿ ನುಡಿಸುವುದು ಮಾರ್ಗಾಸಾರಿತ. ಕಾಲದ ಅಳತೆಗಳನ್ನು ನೋಡಿಕೊಳ್ಳುವುದು ಆಸಾರಿತ.

ಇಂದಿನ ವಾದ್ಯವೃಂದದವರು ಸಾಯಂಕಾಲ ವೇದಿಕೆ ಹತ್ತಿ ಮಾಡುವ ಸೌಂಡ್ ಚೆಕ್ ಎಂಬ ಕೆಲಸದ ಪಟ್ಟಿ ಇದಕ್ಕಿಂತ ಬೇರೆಯೇನಲ್ಲ. ಮೈಕು ಮತ್ತು ವಯರುಗಳು ಮಾತ್ರ ಹೊಸತು. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಭರತನು ಈ ಒಂದೊಂದು ಅಂಗದಿಂದಲೂ ಒಂದೊಂದು ವರ್ಗದವರು ತೃಪ್ತರಾಗುತ್ತಾರೆಂದು ಹೇಳಿ, ತಾಂತ್ರಿಕ ಸಿದ್ಧತೆಯನ್ನು ಪೂಜೆಯನ್ನಾಗಿ ಮಾಡಿದ. ಹಗ್ಗ ಬಿಗಿಯುವುದೂ ಒಂದು ಅರ್ಚನೆ.

ಅದೇ ಅಧ್ಯಾಯದಲ್ಲಿ ಒಂದು ಸ್ವಾರಸ್ಯದ ಕಥೆಯಿದೆ. ನಾರದ ಮೊದಲಾದ ಗಂಧರ್ವರು ದೇವ ದಾನವರ ಸಭೆಯಲ್ಲಿ ನಿರ್ಗೀತವೆಂಬುದನ್ನು ನುಡಿಸಿದರಂತೆ. ನಿರ್ಗೀತವೆಂದರೆ ಸಾಹಿತ್ಯವಿಲ್ಲದ, ಅರ್ಥವಿಲ್ಲದ ಅಕ್ಷರಗಳ, ಬರಿಯ ವಾದ್ಯದ ಸಂಗೀತ. ದೈತ್ಯರಿಗೆ ಅದು ಬಹಳ ಹಿಡಿಸಿತು. ದೇವತೆಗಳಿಗೆ ಸಿಟ್ಟು ಬಂತು. ಇದನ್ನು ನಿಲ್ಲಿಸಿಬಿಡಿ ಎಂದರು. ನಾರದನು ಒಪ್ಪಲಿಲ್ಲ. ವಾದ್ಯದಿಂದ ಹುಟ್ಟಿದ್ದು ನಾಶವಾಗಬಾರದು, ಬೇಕಾದರೆ ಇದಕ್ಕೆ ಬಹಿರ್ಗೀತವೆಂದು ಹೆಸರಿಡೋಣ ಎಂದು ರಾಜಿ ಮಾಡಿಸಿದ. ಹೀಗೆ ಅರ್ಥವಿಲ್ಲದ ನುಡಿಸಾಣಿಕೆ ನಾಟಕದ ಹೊರಗಿನ ಗೀತವಾಗಿ ಉಳಿಯಿತು. ನಮ್ಮ ಚೆಂಡೆಯ ಬಾಯಿತಾಳಕ್ಕೂ ಅರ್ಥವಿಲ್ಲ. ಆದರೂ ಅದನ್ನು ಕೇಳಿದಾಗ ನಮ್ಮ ಮೈ ನವಿರೇಳುತ್ತದೆ. ನಾವು ದೈತ್ಯರ ಪಕ್ಷವೋ ದೇವರ ಪಕ್ಷವೋ ಎಂಬುದನ್ನು ಓದುಗರೇ ತೀರ್ಮಾನಿಸಬೇಕು.

ಇನ್ನು ನಮ್ಮ ಊರಿಗೆ ಬರೋಣ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನಿಂದ ಕೇರಳದಲ್ಲಿದೆ, 1984ರಿಂದ ಸ್ವತಂತ್ರ ಜಿಲ್ಲೆಯಾಗಿದೆ. ಗಡಿರೇಖೆ ಎಳೆದವರು ನಕ್ಷೆ ನೋಡಿದರು. ಚೆಂಡೆಯ ಸದ್ದು ಎಲ್ಲಿಯವರೆಗೆ ಕೇಳುತ್ತದೆ ಎಂದು ನೋಡಲಿಲ್ಲ. ತೆಂಕುತಿಟ್ಟಿನ ಚೆಂಡೆಯೂ ಕಥಕಳಿಯ ಚೆಂಡೆಯೂ ಒಂದೇ ಕುಲದವು. ಹೆಗಲಿಗೆ ತೂಗುಹಾಕಿ, ನಿಂತು, ಕೋಲಿನಿಂದ ಬಾರಿಸುವ ಕ್ರಮವೂ ಒಂದೇ.

ಅದಕ್ಕಿಂತ ಗಮನಿಸಬೇಕಾದದ್ದು ಒಂದು ಶಬ್ದ. ಸಂಜೆ ಹೊತ್ತು ಇಂದು ಇಲ್ಲಿ ಆಟವಿದೆಯೆಂದು ಊರಿಗೆಲ್ಲ ತಿಳಿಸಲು ಚೆಂಡೆ ಬಾರಿಸುವುದನ್ನು ನಾವು ಕೇಳಿ ಬಡಿಯುವುದು ಎನ್ನುತ್ತೇವೆ. ಕಥಕಳಿಯವರು ಅದನ್ನೇ ಕೇಳಿಕೊಟ್ಟ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಕೇಳಿ ಎಂದರೆ ಕ್ರೀಡೆ. ಮಲಯಾಳದಲ್ಲಿ ಅದಕ್ಕೆ ಕೀರ್ತಿ ಎಂಬ ಅರ್ಥವೂ ಉಂಟು. ಹೆಸರುವಾಸಿಯಾದುದನ್ನು ಅವರು ಕೇಳಿಕೇಟ್ಟ ಎಂದು ಕರೆಯುತ್ತಾರೆ. ಕನ್ನಡಿಗನ ಕಿವಿಗಾದರೋ ಅದು ‘ಬನ್ನಿ, ಕೇಳಿ’ ಎಂಬ ಕರೆಯಾಗಿಯೇ ಬೀಳುತ್ತದೆ. ಮೂರು ಭಾಷೆಗಳ ಮೂರು ಅರ್ಥ ಒಂದೇ ಪೆಟ್ಟಿನಲ್ಲಿ! ಕರಪತ್ರವಿಲ್ಲದ, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗುಡ್ಡದಾಚೆಯ ಮನೆಯವರು ಊಟ ಮುಗಿಸಿ ಸೂಟೆ ಹಿಡಿದು ಹೊರಡುತ್ತಿದ್ದುದು ಈ ಕರೆಯ ಬಲದಿಂದಲೇ. ನುಡಿಸುವವರಿಗೆ ಅದು ವಾದ್ಯದ ಪರೀಕ್ಷೆ, ಕೇಳುವವರಿಗೆ ಆಮಂತ್ರಣ.

ಕಥಕಳಿಯಲ್ಲಿ ಕೇಳಿಯ ನಂತರ ಆಟದ ದೀಪ ಹಚ್ಚುತ್ತಾರೆ. ಆಮೇಲೆ ರಂಗದಲ್ಲಿ ಮದ್ದಳೆ, ಚೇಂಗಿಲ, ಇಲತ್ತಾಳಗಳು ಮಾತ್ರ ನುಡಿಯುವ ಅರಂಗುಕೇಳಿ. ಅಲ್ಲಿ ಚೆಂಡೆ ಇರುವುದಿಲ್ಲ. ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟದಲ್ಲಿ ಚೆಂಡೆ ಇರಲಿಲ್ಲವೆಂದೂ ಅದನ್ನು ವೆಟ್ಟತ್ತು ತಂಬುರಾನನು ಆಮೇಲೆ ಸೇರಿಸಿದನೆಂದೂ ಕೇರಳದ ಪರಂಪರೆ ಹೇಳುತ್ತದೆ. ಹಾಗಾದರೆ ಅರಂಗುಕೇಳಿಯಲ್ಲಿ ಚೆಂಡೆಗಿಂತ ಹಿಂದಿನ ಕಾಲದ ಒಂದು ಪದರ ಹಾಗೆಯೇ ಉಳಿದುಕೊಂಡಿದೆ ಎಂದು ಊಹಿಸಬಹುದು. ಬಳಿಕ ತೋಡಯ, ವಂದನಶ್ಲೋಕ, ಪುರಪ್ಪಾಡು. ಅದಾದ ಮೇಲೆ ಬರುವ ಮೇಳಪ್ಪದ ನಮ್ಮ ವಿಷಯಕ್ಕೆ ಬಹಳ ಮುಖ್ಯ. ವೇಷಗಳೆಲ್ಲ ಒಳಗೆ, ರಂಗದಲ್ಲಿ ಗಾಯಕರು ಮತ್ತು ವಾದಕರು ಮಾತ್ರ. ಹನ್ನೆರಡನೆಯ ಶತಮಾನದ ಜಯದೇವನ ಗೀತಗೋವಿಂದದ ಒಂದು ಅಷ್ಟಪದಿಯನ್ನು ಹಿಡಿದು ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ನಡುನಡುವೆ ಚೆಂಡೆ ಮದ್ದಳೆಗಳು ಸ್ಪರ್ಧೆಗಿಳಿದಂತೆ ನುಡಿಯುತ್ತವೆ. ಕಥೆಗೂ ಈ ಹಾಡಿಗೂ ಸಂಬಂಧವಿಲ್ಲ. ಇಡೀ ರಾತ್ರಿ ವೇಷದ ಹಿಂದೆ ನಿಲ್ಲಬೇಕಾದವರಿಗೆ ಪರಂಪರೆ ಕೊಟ್ಟ ಸ್ವಂತ ಗಳಿಗೆ ಅದು.

ಯಕ್ಷಗಾನದ ಪೂರ್ವರಂಗ ಇನ್ನೊಂದು ದಾರಿ ಹಿಡಿಯಿತು. ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆ ಮೊದಲು ರಂಗಕ್ಕೆ ಬರುವವರು ಕೋಡಂಗಿಗಳು. ಬಣ್ಣವೂ ಕಡಿಮೆ, ಆಭರಣವೂ ಕಡಿಮೆ; ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ನಂತರ ಬಾಲಗೋಪಾಲರು, ಅಂದರೆ ಬಲರಾಮ ಕೃಷ್ಣರು. ಆಮೇಲೆ ಷಣ್ಮುಖ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ ಮುಂತಾದವು. ನಡುವೆ ಹಾಸ್ಯಗಾರರ ಮಾತು. ಕೊನೆಗೆ ಚೆಂಡೆಯ ಪೀಠಿಕೆ ಮೊಳಗಿ ಪ್ರಸಂಗಕ್ಕೆ ಪ್ರವೇಶ. ಈ ಹಾಡುಗಳ ಸಂಗ್ರಹಕ್ಕೆ ಸಭಾಲಕ್ಷಣವೆಂದು ಹೆಸರು. ಕುಂಬಳೆ ಸೀಮೆಯ ಪಾರ್ತಿಸುಬ್ಬನೇ ಅದನ್ನು ಜೋಡಿಸಿದನೆಂಬುದು ನಮ್ಮಲ್ಲಿ ಬಳಕೆಯಲ್ಲಿರುವ ನಂಬಿಕೆ. ಮುಳಿಯ ತಿಮ್ಮಪ್ಪಯ್ಯನವರು 1945ರಲ್ಲಿ ‘ಪಾರ್ತಿಸುಬ್ಬ’ ಎಂಬ ಗ್ರಂಥವನ್ನೇ ಬರೆದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದ ಕರ್ತೃ ಶಿವರಾಮ ಕಾರಂತರು ಸುಬ್ಬನ ಕರ್ತೃತ್ವವನ್ನು ಪ್ರಶ್ನಿಸಿದರು. ಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳಿಗೂ ರಾಮನಾಟ್ಟಕ್ಕೂ ಇರುವ ಹೋಲಿಕೆಯೂ ವಿದ್ವಾಂಸರ ಚರ್ಚೆಯ ವಿಷಯವಾಗಿದೆ. ಆ ವಾದದ ತೀರ್ಪು ಇಲ್ಲಿ ಬೇಡ. ಎರಡು ಭಾಷೆಗಳ ಕಲೆಗಳು ಒಂದೇ ಅಂಗಳದಲ್ಲಿ ಆಡಿಕೊಂಡಿದ್ದುವೆಂಬುದಕ್ಕೆ ಆ ವಾದವೇ ಸಾಕ್ಷಿ.

ಕೋಡಂಗಿ ಎಂಬ ಮಾತನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಆದರೆ ಆ ವೇಷ ಒಂದು ಪಾಠಶಾಲೆಯಾಗಿತ್ತು. ಮೇಳದ ಹುಡುಗ ಕೋಡಂಗಿಯಾಗಿ ರಂಗದ ಅಳತೆ ಕಲಿತ, ಬಾಲಗೋಪಾಲನಾಗಿ ಜೋಡಿ ಹೆಜ್ಜೆ ಕಲಿತ, ಸ್ತ್ರೀವೇಷದಲ್ಲಿ ಲಾಸ್ಯ ಕಲಿತ, ಮುಂದೆ ಪುಂಡುವೇಷಕ್ಕೆ ಏರಿದ. ಹಾಡುವವರೂ ಹಾಗೆಯೇ. ಪೂರ್ವರಂಗಕ್ಕೆ ಕುಳಿತುಕೊಳ್ಳುವುದು ಕಿರಿಯ ಭಾಗವತ; ಹಿರಿಯರು ಬರುವುದು ಆಮೇಲೆ. ಬಾರಿಸುವ ಕಿರಿಯರಿಗೂ ಸಭೆಯ ಎದುರು ಕೈ ಪಳಗಿಸಲು ಸಿಕ್ಕುತ್ತಿದ್ದುದು ಅದೇ ಹೊತ್ತು. ಸಭೆ ಇನ್ನೂ ತುಂಬಿರುವುದಿಲ್ಲ, ತಪ್ಪಿದರೆ ನಗುವವರು ಕಡಿಮೆ. ಧ್ವನಿ, ವಾದ್ಯ, ರಂಗ ಮಾತ್ರವಲ್ಲದೆ ಮನುಷ್ಯರನ್ನೂ ಪರೀಕ್ಷಿಸಿ ತಯಾರು ಮಾಡುವ ವ್ಯವಸ್ಥೆ ಅದಾಗಿತ್ತು.

ಕೋಲ ತೆಯ್ಯಗಳಲ್ಲಿಯೂ ಇದೇ ತತ್ವ. ಪೂರ್ಣ ವೇಷದ ತೆಯ್ಯ ಬರುವ ಮೊದಲು ತೋಟ್ಟಂ ಹಾಡುತ್ತಾರೆ, ಕೆಲವು ತೆಯ್ಯಗಳಿಗೆ ಸಣ್ಣ ವೇಷದ ವೆಳ್ಳಾಟ್ಟಂ ಇರುತ್ತದೆ. ತುಳುವರ ಕೋಲದಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ತೆಂಬರೆ ಹಿಡಿದು ಪಾಡ್ದನ ಹೇಳುತ್ತಾರೆ. ದೈವ ಬರುವ ಮೊದಲು ದೈವದ ಚರಿತ್ರೆ ಬರಬೇಕು.

ಈ ಪೂರ್ವಸಿದ್ಧತೆಯನ್ನು ಅರಿಯದವರ ಎದುರು ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನವಿದೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥ ಕಛೇರಿ ನಡೆಯಿತು. ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲ. ಅವರು ಒಂದೆರಡು ನಿಮಿಷ ಶ್ರುತಿ ಸೇರಿಸಿ ನಿಲ್ಲಿಸಿದ ಕೂಡಲೇ ಸಭೆ ಭಾರೀ ಚಪ್ಪಾಳೆ ತಟ್ಟಿತು. ಶ್ರುತಿ ಸೇರಿಸಿದ್ದೇ ಇಷ್ಟು ಮೆಚ್ಚುಗೆಯಾಯಿತಾದರೆ ನುಡಿಸುವುದು ಇನ್ನೂ ಮೆಚ್ಚುಗೆಯಾದೀತು ಎಂಬರ್ಥದ ಮಾತನ್ನು ರವಿಶಂಕರರು ನಗುತ್ತಾ ಹೇಳಿದರು. ಆ ಸಭಿಕರನ್ನು ನೋಡಿ ನಾವು ನಗುತ್ತೇವೆ. ಆದರೆ ಅವರು ಕಿವಿಗೊಟ್ಟು ಕುಳಿತಿದ್ದರಷ್ಟೆ? ನಾವು ಪೂರ್ವರಂಗದ ಹೊತ್ತಿಗೆ ಬರುವುದೇ ಇಲ್ಲ.

ಇನ್ನು ಪೂರ್ವರಂಗಕ್ಕೆ ಬಂದ ಕಷ್ಟ. ಮೈಕು ಬಂದ ಮೇಲೆ ಊರಿಗೆ ಕರೆ ಕಳಿಸುವ ಕೆಲಸ ಚೆಂಡೆಯಿಂದ ಕೈತಪ್ಪಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ಸಾಮಾನ್ಯವಾಗಿ ನಿಷೇಧಿಸಿದವು. ಜನರ ಪುರುಸೊತ್ತೂ ಕಡಿಮೆಯಾಯಿತು. ಕಾಲಮಿತಿಯ ಆಟಗಳು ಹೆಚ್ಚಿದವು. ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬಿದ್ದದ್ದು ಕೋಡಂಗಿಯ ಮೇಲೆ. ಎಷ್ಟೋ ಕಡೆ ಒಂದು ಗಣಪತಿ ಸ್ತುತಿ ಹಾಡಿ ನೇರ ಒಡ್ಡೋಲಗಕ್ಕೆ ಹೋಗುತ್ತಾರೆ.

ಕಲಿಕೆಗೆ ಬೇರೆ ದಾರಿಗಳಿವೆ ಎಂದು ಹೇಳಬಹುದು. ನಿಜ. 1930ರಲ್ಲಿ ವಳ್ಳತ್ತೋಳರು ಕೇರಳ ಕಲಾಮಂಡಲ ಸ್ಥಾಪಿಸಿದರು. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ, ಧರ್ಮಸ್ಥಳದ ಲಲಿತಕಲಾ ಕೇಂದ್ರ 1972ರಲ್ಲಿ ಆರಂಭವಾದವು. ಆದರೆ ತರಗತಿಯಲ್ಲಿ ಕಲಿತದ್ದನ್ನು ಅರ್ಧ ತುಂಬಿದ ಸಭೆಯೆದುರು ಪರೀಕ್ಷಿಸಿ ನೋಡುವ ಜಾಗ ಬೇಡವೇ? ಈಜುವ ಪುಸ್ತಕ ಓದಿದವನು ಒಮ್ಮೆ ತೋಡಿಗಾದರೂ ಇಳಿಯಬೇಕು.

ಭರತನು ಇದಕ್ಕೂ ಒಂದು ಮಿತಿ ಹೇಳಿದ್ದಾನೆ. ಪೂರ್ವರಂಗದ ಗೀತ ನೃತ್ಯಗಳನ್ನು ಅತಿಯಾಗಿ ಬೆಳೆಸಬಾರದು. ಬೆಳೆಸಿದರೆ ಆಡುವವರೂ ನೋಡುವವರೂ ದಣಿಯುತ್ತಾರೆ, ದಣಿದವರಿಗೆ ಮುಂದಿನ ರಸ ಮುಟ್ಟುವುದಿಲ್ಲ ಎಂದು. ಆದುದರಿಂದ ಹಳೆಯ ಕಾಲದಷ್ಟೇ ಹೊತ್ತು ಬೇಕೆಂದು ನಾನು ಹಠ ಹಿಡಿಯುವುದಿಲ್ಲ. ನನ್ನದು ಲೆಕ್ಕದ ಉದ್ಯೋಗ. ಒಂದು ಲೆಕ್ಕ ಒಪ್ಪಿಸುತ್ತೇನೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 9 ಗಂಟೆಯ ಆಟದಲ್ಲಿ ಪೂರ್ವರಂಗಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಅದು ಆರರಲ್ಲೊಂದು ಪಾಲು. ಸಂಜೆ 6ರಿಂದ 10ರ ಆಟಕ್ಕೆ ಅದೇ ಪ್ರಮಾಣ ಹಾಕಿದರೆ ಸಿಗುವುದು 40 ನಿಮಿಷ. ಕೋಡಂಗಿಗೆ 10, ಬಾಲಗೋಪಾಲರಿಗೆ 15, ಸ್ತ್ರೀವೇಷಕ್ಕೆ 10, ಪೀಠಿಕೆಗೆ 5.

ನಮ್ಮ ಸಂಘದವರು, ದೇವಸ್ಥಾನದ ಸಮಿತಿಯವರು, ಶಾಲೆಯ ವಾರ್ಷಿಕೋತ್ಸವದವರು ಆಟಕ್ಕೆ ವೀಳ್ಯ ಕೊಡುವಾಗ ಈ 40 ನಿಮಿಷವನ್ನು ಕೇಳಿ ಪಡೆಯಬೇಕು. ಆ ಹೊತ್ತಿಗೆ ರಂಗಕ್ಕೆ ಬರುವವರು ನಮ್ಮ ಮಕ್ಕಳೇ ಆಗಲಿ. ಇಲ್ಲಿ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು ಆಡುವ ಹುಡುಗ ಹುಡುಗಿಯರಿಗೆ ಕನ್ನಡದ ನಾಲ್ಕು ಪದ ಬಾಯಿಗೆ ಬರುವುದಕ್ಕೆ ಬಾಲಗೋಪಾಲರ ಹಾಡಿಗಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಹಾಗೆಯೇ ನೆರೆಯ ಮಲಯಾಳಿ ಮಿತ್ರರನ್ನೂ ಆ ಹೊತ್ತಿಗೇ ಕರೆಯಬೇಕು. ಪ್ರಸಂಗದ ಮಾತು ಅವರಿಗೆ ಅರ್ಥವಾಗದಿರಬಹುದು, ಕೇಳಿ ಬಡಿಯುವುದಕ್ಕೆ ಅರ್ಥ ಹೇಳಬೇಕಾಗಿಲ್ಲ. ಅವರ ಊರಿನ ಕಥಕಳಿಗೆ ನಾವೂ ಮೇಳಪ್ಪದದ ಹೊತ್ತಿಗೇ ಹೋಗಿ ಕುಳಿತರೆ ಲೆಕ್ಕ ಸರಿಯಾಗುತ್ತದೆ.